ಮಲ್ಕಪ್ಪನ ಮೆಟಡೋರಿನ ಬಿಸಿನೀರ ಪೈಪು

ವನದುರ್ಗದ ಕುರುಬರ ಹಂಪಣ್ಣ ನಿಜಾಮನ ಕಾಲದಲ್ಲಿ ತುಂಬಿದ ಕೃಷ್ಣೆಯಲ್ಲಿ ಮುನ್ನೂರು ಕುರಿ ಈಜಿಸಿ, ಒಂದು ಮರಿಯನ್ನೂ ನೀರಿಗೆ ಕೊಡದೆ ಆಚೆ ದಂಡೆ ಸೇರಿಸಿದವನು. ಅವನ ಮಗ ಮೌನಪ್ಪ ಆಲಿಕಲ್ಲು ಬಿದ್ದ ವರ್ಷ ಶಿರವಾಳದ ಹಾಳು ಗುಡಿಯೊಳಗೆ ಹಿಂಡು ತುಂಬಿ, ಬಾಗಿಲಿಗೆ ತಾನೇ ಅಡ್ಡ ಮಲಗಿ, ಎರಡು ದಿನ ತೋಳಕ್ಕೆ ದಾರಿ ಬಿಡದವನು. ಆ ಮೌನಪ್ಪನ ಮಗ ಮಲ್ಕಪ್ಪ. ಇವನು ಮಾಡಿದ ದೊಡ್ಡ ಕೆಲಸವೆಂದರೆ ಕುದುರೆ ಮಾರಿ ಮೆಟಡೋರ್ ತಂದದ್ದು.

ಹಿಂಡಿನ ಸಂಗಡ ತಿರುಗುವವರಿಗೆ ಕುದುರೆಯೇ ಮನೆ. ಹಾಸಿಗೆ, ಗಡಿಗೆ, ಎಳೆಮರಿ ಎಲ್ಲವೂ ಅದರ ಬೆನ್ನ ಮೇಲೆ. ಇಪ್ಪತ್ತೆಂಟು ವರ್ಷದ ಹಿಂದೆ ಮಲ್ಕಪ್ಪ ಯಾದಗಿರಿಯ ಬ್ಯಾಂಡಿನವರು ಬಿಟ್ಟ ಹಳೆಯ ವ್ಯಾನು ಹೊಡೆದುಕೊಂಡು ಬಂದಾಗ ಊರೆಲ್ಲ ನಕ್ಕಿತು. ನಗುವವರನ್ನು ನಗಲು ಬಿಟ್ಟು ಅವನು ಕೆಲಸಕ್ಕೆ ಕೂತ. ಬೇವಿನ ಹಲಗೆಯ ಮಂಚ ಬಡಿದ, ಒಲೆಗೆ ತಗಡಿನ ಗೂಡು ಮಾಡಿದ, ಹಿಂಬದಿಗೆ ಮರಿಗಳ ದೊಡ್ಡಿ ಕಟ್ಟಿದ. ಚಳಿಗೆ ಮರಿ ಸೆಟೆದು ಸಾಯುವುದನ್ನು ನೋಡಿ ನೋಡಿ ಬೇಸತ್ತು, ಕೊನೆಗೆ ಎಂಜಿನ್ನಿನ ಬಿಸಿನೀರನ್ನೇ ಹಿಂದಕ್ಕೆ ತಂದ. ಗಾಡಿಯ ಹೊಟ್ಟೆಯ ಕೆಳಗೆ ಎರಡು ಕಬ್ಬಿಣದ ಪೈಪು. ಒಂದರಲ್ಲಿ ಹೋದ ನೀರು ದೊಡ್ಡಿಯ ತಳ ಸುತ್ತಿ ಇನ್ನೊಂದರಲ್ಲಿ ತಿರುಗಿ ಬರುವುದು. ಯಾರೂ ಹೇಳಿಕೊಟ್ಟದ್ದಲ್ಲ, ಶಾಲೆಯ ಮೆಟ್ಟಿಲು ತುಳಿಯದ ತಲೆ ಅದು.

ಹೆಂಡತಿ ಬಾಲಮ್ಮ ತನ್ನದೊಂದು ಮಾತು ಸೇರಿಸಿದಳು. ಹಿಂದಕ್ಕೆ ಮುಟ್ಟುವಷ್ಟರಲ್ಲಿ ನೀರು ಆರುತ್ತದೆ, ಪೈಪಿಗೂ ಕಂಬಳಿ ಹೊದಿಸೋಣ ಎಂದಳು. ಹಳೆಯ ಕಂಬಳಿ ಸೀಳಿ ಉದ್ದಕ್ಕೂ ಸುತ್ತಿ, ದಬ್ಬಣದಲ್ಲಿ ಹೊಲಿದಳು. ಆ ಚಳಿಗಾಲ ಒಂದು ಮರಿಯೂ ಸಾಯಲಿಲ್ಲ. ಅವರ ಅರ್ಧ ಸಂಸಾರ ಆ ಗಾಡಿಯಲ್ಲೇ ನಡೆಯಿತು. ಅವಳು ಹಿಂದೆ ಮಂಚದ ಮೇಲೆ ಕೂತು ಹಿಟ್ಟು ನಾದುತ್ತ, ತಗ್ಗು ಬಂದಾಗಲೆಲ್ಲ ಗಂಡನನ್ನು ಬೈಯುತ್ತಿದ್ದಳು. ಅವನು ಬೈಸಿಕೊಳ್ಳಲೆಂದೇ ಒಂದೆರಡು ತಗ್ಗು ಹುಡುಕಿ ಇಳಿಸುತ್ತಿದ್ದ. ಅವಳು ತೀರಿಕೊಂಡು ಈಗ ಆರು ವರ್ಷ.

ಹೋದ ಮಾರ್ಗಶಿರದಲ್ಲಿ ಹಿಂಡು ಕೃಷ್ಣೆಯ ದಂಡೆಗೆ ಹೊರಟಿತ್ತು. ಭತ್ತ ಕೊಯ್ದ ಗದ್ದೆಯಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿಸಲು ರೈತರು ಕಾಯುತ್ತಿದ್ದರು. ಸುರಪುರದ ಏರು ಇನ್ನೂ ಮುಂದಿರುವಾಗಲೇ ಗಾಡಿ ಕುದ್ದು, ಬುಸ್ಸೆಂದು ಹಬೆ ಬಿಟ್ಟು ನಿಂತಿತು. ಹತ್ತಿಯ ಹೊಲದಲ್ಲಿ ಬೀಡು ಬಿಟ್ಟರು. ವಾರ ತುಂಬದ ಏಳು ಮರಿಗಳಿದ್ದವು. ಮಗ ಭೀಮು ಮುಚ್ಚುಮರೆ ಮಾಡಲಿಲ್ಲ.

"ಅಪ್ಪಾ, ನಾಳಿ ಒಂದ್ ದಿನ ತಡೀತೀನಿ. ಏರಿನಾಗ ಮತ್ತ ಕುದೀತಂದ್ರ ಗಾಡಿ ಗುಜರಿಗಿ, ನೀ ಮನಿಗಿ. ಮರಿ ಟಂಟಂ ಆಟೋದಾಗ ಒಯ್ತೀನಿ."

ಮಲ್ಕಪ್ಪ ಒಪ್ಪಿದ. ಅವನ ಮೊಣಕಾಲು ದೂರದ ನಡಿಗೆಗೆ ಬಾರದೆ ನಾಲ್ಕು ವರ್ಷವಾಗಿತ್ತು. ಗಾಡಿ ಹೋದರೆ ಹಿಂಡಿನ ಸಂಗಡ ಅವನ ತಿರುಗಾಟವೂ ಮುಗಿದ ಹಾಗೆ.

ಬೆಳಿಗ್ಗೆ ಬಸ್ಸು ಹಿಡಿದು ಶಹಾಪುರದ ಆಮೀನಾಳ ಅಂಗಡಿಗೆ ಹೋದ. ಅಪ್ಪನ ತರುವಾಯ ರೇಡಿಯೇಟರ್ ಕೆಲಸ ನಡೆಸುತ್ತಿದ್ದವಳು ಅವಳು. ಎಲ್ಲ ಕೇಳಿ, ಹಿಂದಿನ ಎರಡೂ ಪೈಪು ಕತ್ತರಿಸಿ ಬಾಯಿ ಬಂದ್ ಮಾಡಿದರೆ ಎಂಜಿನ್ ಆರಾಮಾಗಿರುತ್ತದೆ ಎಂದಳು.

"ಮತ್ತ ಮರಿ?"

"ಮರಿಗಿ ಚಾದರ್ ಹೊಚ್ರಿ ಕಾಕಾ."

"ಅಷ್ಟೂ ತಿಳೀದವ ಏನವಾ ನಾ? ಪೈಪ್ ಅಳತಿ ಮಾಡು."

ಅವಳು ನಗುತ್ತ ಕಪ್ಪು ರಬ್ಬರ್ ಪೈಪು ಅಳೆದು ಕತ್ತರಿಸಿದಳು. ಕ್ಲಿಪ್ಪು, ಎಂಜಿನ್ ತಣಿಸುವ ಕೂಲಂಟಿನ ಡಬ್ಬಿ ಚೀಲಕ್ಕೆ ಹಾಕಿದಳು.

ಮಧ್ಯಾಹ್ನ ಮಲ್ಕಪ್ಪ ಗೋಣಿ ಹಾಸಿಕೊಂಡು ಗಾಡಿಯ ಕೆಳಗೆ ಸೇರಿದ. ಕಲ್ಲು ಬಡಿದು ಪೈಪು ಒಡೆದಿರಬೇಕೆಂದೇ ಅವನ ಎಣಿಕೆ. ಬಾಲಮ್ಮನ ಹೊಲಿಗೆಯನ್ನು ಹರಿಯಲು ಮನಸ್ಸಾಗದೆ ಒಂದೊಂದೇ ಎಳೆ ಬಿಚ್ಚಿದ. ಕಂಬಳಿ ಮಳೆಯಲ್ಲಿ ನೆಂದ ಕುರಿಯ ಹಾಗೆ ಭಾರವಾಗಿತ್ತು. ಮೂಗಿಗೆ ಉಚ್ಚೆಯ ವಾಸನೆ ಬಡಿಯಿತು. ಇಷ್ಟು ವರ್ಷ ಹಲಗೆಯ ಸಂದಿಯಿಂದ ಸೋರಿದ ಮರಿಗಳ ಉಚ್ಚೆಯನ್ನು ಆ ಉಣ್ಣೆ ಕುಡಿದು ಇಟ್ಟುಕೊಂಡಿತ್ತು. ಒಳಗಿನ ಕಬ್ಬಿಣ ಸೀದ ರೊಟ್ಟಿಯಂತೆ ಬೆರಳಿಗೆ ಪುಡಿಪುಡಿಯಾಯಿತು.

ಅವನು ಆ ಪುಡಿಯನ್ನು ಅಂಗೈಗೆ ಸುರಿದುಕೊಂಡು ನೋಡಿದ. ಹಿಂದೆ ಒಮ್ಮೆ ಭೀಮು ಕಂಬಳಿ ಬಿಚ್ಚಿ ನೋಡೋಣ ಎಂದಾಗ, ನಿಮ್ಮವ್ವನ ಕೈಹೊಲಿಗೆ ಮುಟ್ಟಬೇಡ ಎಂದು ಗದರಿದ್ದ. ಹೊದಿಸಿದವಳದು ತಪ್ಪಲ್ಲ. ವರ್ಷಕ್ಕೊಮ್ಮೆ ಬಿಚ್ಚಿ ಒಣಗಿಸಬೇಕಾದದ್ದನ್ನು ಗುಡಿಯ ಮೂರ್ತಿಯ ಹಾಗೆ ಕಾಯ್ದವನು ತಾನು. ಮನೆಯ ಹಾಸುಗಂಬಳಿಯನ್ನು ಬಾಲಮ್ಮ ಹುಣ್ಣಿಮೆಗೊಮ್ಮೆ ಬಿಸಿಲಿಗೆ ಹಾಕುತ್ತಿದ್ದಳು. ಇದ್ದಿದ್ದರೆ ಇದನ್ನೂ ಬಿಚ್ಚಿ ಕೊಡವುತ್ತಿದ್ದಳು.

ಹೊಸ ಪೈಪನ್ನು ಅವನು ಗಾಡಿಯ ಕೆಳಗೆ ಹಾಯಿಸಲಿಲ್ಲ. ಗಾಡಿಯ ನೆಲಕ್ಕೆ ತೂತು ಕೊರೆದು ಒಳಗೆ ತಂದು, ಮಂಚದ ಅಡಿಯಲ್ಲಿ ಗೋಡೆಗುಂಟ ಒಯ್ದ. ಅಲ್ಲಿ ಉಚ್ಚೆ ಬೀಳದು, ಕಲ್ಲು ಬಡಿಯದು, ದಿನವೂ ಕಣ್ಣಿಗೆ ಬೀಳುತ್ತದೆ. ಕ್ಲಿಪ್ಪು ಬಿಗಿದು, ನೀರು ಕೂಲಂಟ್ ತುಂಬಿ ಎಂಜಿನ್ ಹಚ್ಚಿದ. ಮುಂದಿನ ಪೈಪು ಸುಡತೊಡಗಿದರೂ ಹಿಂದಿನದು ಹಾವಿನ ಹಾಗೆ ತಣ್ಣಗಿತ್ತು. ಭೀಮು ಜೇಬಿನಿಂದ ಫೋನ್ ತೆಗೆದು ಟಂಟಂನವನ ನಂಬರು ಹುಡುಕತೊಡಗಿದ.

ಮಲ್ಕಪ್ಪ ಪೈಪಿನ ಮೇಲೆ ಅಂಗೈ ಇಟ್ಟು ಯೋಚಿಸಿದ. ನೀರು ಹರಿಯದ ಹಾಗೆ ಒಳಗೆ ಗಾಳಿ ಸಿಕ್ಕಿಕೊಂಡಿರಬೇಕು. ಹಸಿ ಜೋಳದ ಕುಡಿ ತಿಂದು ಹೊಟ್ಟೆ ಉಬ್ಬಿದ ಕುರಿಯನ್ನು ಏನು ಮಾಡುತ್ತಾರೆ? ಮುಂಗಾಲು ಎತ್ತಿ ನಿಲ್ಲಿಸುತ್ತಾರೆ, ಗಾಳಿ ತಾನಾಗಿ ಬಾಯಿಗೆ ಬರುತ್ತದೆ. ಗಾಡಿಯನ್ನು ಮೆಲ್ಲಗೆ ಕಾಲುವೆಯ ಏರಿಗೆ ಮೂತಿ ಮೇಲಾಗಿ ಹತ್ತಿಸಿದ, ಹಿಂದಿನ ಗಾಲಿಗೆ ಕಲ್ಲು ಕೊಟ್ಟ. ಎಂಜಿನ್ ಆರುವವರೆಗೆ ಕಾದು, ರೇಡಿಯೇಟರಿನ ಮುಚ್ಚಳ ತೆಗೆದು ಮತ್ತೆ ಹಚ್ಚಿದ. ಗಾಡಿ ಗುಳುಗುಳು ಎಂದಿತು, ನಾಲ್ಕಾರು ಸಲ ತೇಗಿತು. ನೀರು ಕುಸಿಯಿತು, ಅವನು ತುಂಬುತ್ತ ಹೋದ. ದೊಡ್ಡಿಯ ತಳ ಬೆಚ್ಚಗಾಯಿತು.

ಮರುದಿನ ನಸುಕಿನಲ್ಲೇ ಸೊಸೆ ಸುಮಲತಾ ತನ್ನ ತಮ್ಮನೊಡನೆ ಹಿಂಡು ಹೊಡೆದುಕೊಂಡು ರಂಗಂಪೇಟೆಯ ದಾರಿ ಹಿಡಿದಳು. ಹೊತ್ತೇರಿದ ಮೇಲೆ ಮೆಟಡೋರ್ ಹೊರಟಿತು. ಭೀಮು ಮಗ್ಗುಲಲ್ಲಿ ನೀರಿನ ಕ್ಯಾನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಸುರಪುರದ ಏರಿನಲ್ಲಿ ಎಂಜಿನ್ನಿನ ಕಾವು ತೋರಿಸುವ ಮುಳ್ಳು ಮೇಲೇರಿತು, ಇನ್ನಷ್ಟು ಏರಿತು, ಅಲ್ಲೇ ನಿಂತಿತು. ಕ್ಯಾನಿನ ಮುಚ್ಚಳ ತೆಗೆಯುವ ಪ್ರಸಂಗವೇ ಬರಲಿಲ್ಲ.

ಏರು ಮುಗಿದಲ್ಲಿ ಮಲ್ಕಪ್ಪ ಗಾಡಿ ನಿಲ್ಲಿಸಿದ. ಭೀಮು ಹಿಂದೆ ಹೋಗಿ ನೋಡಿದ. ಏಳೂ ಮರಿ ಬೆಚ್ಚನೆಯ ತಳಕ್ಕೆ ಹೊಟ್ಟೆ ಹಚ್ಚಿ ಮಲಗಿದ್ದವು. ಮುಂದೆ ಬಂದವನ ದನಿ ಮೆತ್ತಗಾಗಿತ್ತು.

"ಅಪ್ಪಾ, ನಿನ್ನಿಯಿಂದ ದಣದೀದಿ. ಇಲ್ಲಿಂದ ನಾ ಹೊಡಿತೀನಿ, ನೀ ಹಿಂದ ಮಂಚದ ಮ್ಯಾಲ ಒರಗು."

ಮಲ್ಕಪ್ಪ ಸ್ಟೇರಿಂಗಿನಿಂದ ಕೈ ತೆಗೆಯಲಿಲ್ಲ.

"ಬ್ಯಾಡಪಾ. ಮಂಚ ನಿಮ್ಮವ್ವಂದು, ಈ ಸೀಟ್ ನಂದು. ಕುರಿ ನೋಡು, ಅಗಾ ಅಲ್ಲಿ ಹೊಂಟಾವು. ನೀ ಇಳಿದು ನಡಕೊಂತ ಹೋಗಿ ಹೆಂಡ್ತಿಗಿ ಕೈ ಹಚ್ಚು. ನನಗ ಯಾರೂ ಬ್ಯಾಡ."