ಡಬ್ಬಿಯ ಕೆಳಗಿನ ಅರ್ಜಿಗಳು

ಆ ಕಚೇರಿ ಯಾವ ಊರಿನದೆಂದು ಬರೆಯುವುದಿಲ್ಲ. ತೊಂಬತ್ತರ ದಶಕದಲ್ಲಿ ನನ್ನ ವಾಸಸ್ಥಳದ ಪ್ರಮಾಣಪತ್ರಕ್ಕಾಗಿ ಅವ್ವ ಸಿರಸಂಗಿಯಿಂದ ಅಲ್ಲಿಗೆ ನಾಲ್ಕು ಸಲ ಹೋದಳು. ಗುಮಾಸ್ತರು ಅರ್ಜಿಗಳನ್ನು ತಮ್ಮ ಊಟದ ಡಬ್ಬಿಯ ಕೆಳಗೆ ಇಡುತ್ತಿದ್ದರು. ಅಲ್ಲಿ ಸೇರಿದ್ದು ಬೇಗ ಹೊರಬರುತ್ತಿರಲಿಲ್ಲ.

“ನಾಳಿ ಬಾ ಯವ್ವಾ. ನಿನ್ನ ಮಗಾ ನಾಕ ದಿನಾ ತಡಾ ಕಲತ್ರ ಡೀಸಿ ಆಗೂದು ತಪ್ಪತೈತೇನು?”

ಪತ್ರ ಸಿಗುವಷ್ಟರಲ್ಲಿ ಧಾರವಾಡದ ಹಾಸ್ಟೆಲ್ಲಿನ ಪಟ್ಟಿ ಮುಗಿದಿತ್ತು. ಗುಮಾಸ್ತರ ಆ ಮಾತನ್ನು ನಾನೇ ಕೇಳಿದೆನೋ, ಅವ್ವ ಹೇಳಿದ್ದೋ, ಈಗ ಖಾತ್ರಿಯಿಲ್ಲ. ಹಿತ್ತಾಳೆಯ ಡಬ್ಬಿ ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಹನ್ನೆರಡು ವರ್ಷಗಳ ಬಳಿಕ ಅದೇ ಕಚೇರಿಯ ಕಂಪ್ಯೂಟರ್ ಕೆಲಸ ನನ್ನ ಪಾಲಿಗೆ ಬಂತು. ಹಳ್ಳಿಯ ಕೇಂದ್ರದಿಂದ ಬಂದ ಅರ್ಜಿಯನ್ನು ಯಂತ್ರವೇ ಪಡಿತರ ದಾಖಲೆ, ಮತದಾರರ ಪಟ್ಟಿಗಳಲ್ಲಿ ತಾಳೆ ನೋಡುತ್ತಿತ್ತು. ತಾಳೆಯಾದರೆ ಪ್ರಮಾಣಪತ್ರ, ಇಲ್ಲದಿದ್ದರೆ ತಿರಸ್ಕಾರ. ಇನ್ನು ಮುಂದೆ ತಾಳೆಯಾಗದ್ದನ್ನು ನೇರ ತಿರಸ್ಕರಿಸದೆ ಒಬ್ಬ ಮನುಷ್ಯನ ಪರದೆಗೆ ಕಳಿಸಿ, ಅವನು ಒಪ್ಪಿಗೆಯ ಇಲ್ಲವೇ ತಿರಸ್ಕಾರದ ಗುಂಡಿ ಒತ್ತುವವರೆಗೆ ಕಾಯಬೇಕು. ಮೂರು ದಿನ ಒತ್ತದಿದ್ದರೆ ಅರ್ಜಿ ಅವನ ಹೆಸರಿನೊಂದಿಗೆ ಸಾಹೇಬರ ಪರದೆಗೆ ಹೋಗಬೇಕು. ಈ ಹಂತವನ್ನು ಸೇರಿಸಿದವನು ನಾನು. ಯಾರನ್ನು ನೇಮಿಸೋಣ ಎಂದು ಸಾಹೇಬರು ಕೇಳಿದಾಗ ಅದೇ ಗುಮಾಸ್ತರ ಹೆಸರು ಹೇಳಿದೆ.

ಹೊಸ ಹಂತ ಶುರುವಾದ ಎರಡನೆಯ ದಿನ ಗುಮಾಸ್ತರು ಖುಷಿಯಿಂದ ಡಬ್ಬಿ ಎತ್ತಿ ತೋರಿಸಿದರು. ಈಗ ಸ್ಟೀಲಿನದು.

“ಸರ, ನಿಮ್ಮ ಮಷೀನ್ ಕಳಸಿದ್ದೆಲ್ಲಾ ಪ್ರಿಂಟ್ ತಗದ ಇಟ್ಟೇನ್ರಿ. ಒಂದೂ ಕಳದಿಲ್ಲ.”

ಮೊದಲ ದಿನ ಬಂದ ಹದಿನಾಲ್ಕು ಹಾಳೆ. ಒಂದಕ್ಕೂ ಗುಂಡಿ ಒತ್ತಿರಲಿಲ್ಲ. ಡಬ್ಬಿಯ ಕೆಳಗಿಟ್ಟರೆ ಅರ್ಜಿ ನಿಲ್ಲುತ್ತದೆಂದು ಅವರ ನಂಬಿಕೆ. ಪರದೆಯ ಗಡಿಯಾರ ಓಡುತ್ತಲೇ ಇತ್ತು. ಹೇಳಬಹುದಿತ್ತು.

“ಭಾಳ ಛಲೋ ಮಾಡೀರಿ,” ಎಂದೆ.

ನಾಲ್ಕನೆಯ ದಿನ ಸಾಹೇಬರು ಎಲ್ಲರೆದುರು ಅವರ ಹೆಸರನ್ನು ಹದಿನಾಲ್ಕು ಸಲ ಓದಿದರು. ನಾನು ಬಾಗಿಲಲ್ಲಿ ನಿಂತು ಎಣಿಸಿದೆ. ಗುಮಾಸ್ತರು ಹಾಳೆಗಳನ್ನು ಎದೆಗವಚಿಕೊಂಡು, “ಇಲ್ಲೇ ಅದಾವ್ರಿ ಸಾಹೇಬ್ರ, ಎಲ್ಲಾ ಇಲ್ಲೇ ಅದಾವ,” ಎನ್ನುತ್ತಿದ್ದರು. ಯಾರೋ ನಕ್ಕರು. ನನಗೆ ಬಾಯೆಲ್ಲ ಸಿಹಿಯಾಯಿತು.

ಹೊರಗೆ ಉಗರಗೋಳದ ಹೆಣ್ಣುಮಗಳೊಬ್ಬಳು ತಡೆದಳು. “ಅಣ್ಣಾ, ಮಗಳ ಧಾರವಾಡ ಹಾಸ್ಟೆಲ್ಲಿಗೆ ಇವತ್ತ ಕಡೀ ದಿನಾರಿ. ಮಷೀನ್ ಕೆಟ್ಟೈತೇನ್ರಿ?”

ಹದಿನಾಲ್ಕರಲ್ಲಿ ಅವಳದೂ ಒಂದು. ಓಡಿಹೋಗಿ ಸಾಹೇಬರಿಂದ ಒಪ್ಪಿಗೆಯ ಗುಂಡಿ ಒತ್ತಿಸಿದೆ. ಪತ್ರ ಅವಳ ಕೈಗೆ ಸಿಕ್ಕಾಗ ಮೂರು ಗಂಟೆ. ಐದರೊಳಗೆ ಧಾರವಾಡ ಮುಟ್ಟಿದಳೆಂದು ನಂಬಿಕೊಂಡಿದ್ದೇನೆ.

ಇದನ್ನು ಬರೆಯುವಾಗ ಆ ದಿನದ ಡೈರಿ ತೆಗೆದು ನೋಡಿದೆ. ಹದಿನಾಲ್ಕು ಎಂದು ಬರೆದು ಅಡಿಗೆ ಎರಡು ಗೆರೆ ಎಳೆದಿದ್ದೇನೆ. ಅವಳ ಬಗ್ಗೆ ಒಂದಕ್ಷರವಿಲ್ಲ.