ಶಿಗೆನೊ ಬೂದಿ ಕಲಸಿದ ಕೊನೆಯ ವರ್ಷ

ಶಿಗೆನೊ ಬೂದಿನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. ಬಿಸಿ ತಿಳಿಯಿತು, ಬೂದಿಯ ಹರಳು ಹಲ್ಲಿಗೆ ಸಿಕ್ಕಿತು. ಆದರೆ ಕ್ಷಾರ ಎಷ್ಟಿದೆ ಎಂಬುದು ತಿಳಿಯಲಿಲ್ಲ. ಇನ್ನೊಮ್ಮೆ ಅದ್ದಿ ನೋಡಿದಳು. ಆಗಲೂ ಅಷ್ಟೇ.

ಅಕ್ಟೋಬರಿನಲ್ಲಿ ಬಂದ ನೆಗಡಿ ಹೋಗುವಾಗ ಬಾಯಿರುಚಿಯನ್ನೂ ಹೊತ್ತುಕೊಂಡು ಹೋಗಿತ್ತು. ಉಪ್ಪಿನಲ್ಲಿ ಹಾಕಿಟ್ಟ ಹುಳಿಹುಳಿ ಉಮೆ ಕಾಯಿಯೂ ಬಾಯಲ್ಲಿ ಒದ್ದೆ ಕಾಗದದಂತಿತ್ತು. ಗಂಡ ತೀರಿಹೋಗಿದ್ದ ಒಂಟಿ ಮನೆ. ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನುವವರಿರಲಿಲ್ಲ. ಎರಡು ತಿಂಗಳು ಯಾರಿಗೂ ಹೇಳದೆ ಕಳೆದುಬಿಟ್ಟಿದ್ದಳು.

ಆದರೆ ಇವತ್ತು ಎದುರಿಗಿದ್ದ ಮರದ ಬಾನಿಯಲ್ಲಿ ಹನ್ನೊಂದು ಮನೆಯವರು ಕಾಡಿನಲ್ಲಿ ಆಯ್ದು ತಂದ ಕಹಿ ತೋಚಿಕಾಯಿ ಇತ್ತು. ಬಿವಾ ಸರೋವರದ ಹಿಂದಿನ ಗುಡ್ಡಗಳಲ್ಲಿ ಆ ವರ್ಷ ತೋಚಿಮರ ಕಾಯಿ ಬಿಟ್ಟಿದ್ದೇ ಕಡಿಮೆ, ಬಿಟ್ಟದ್ದರಲ್ಲಿ ಮುಕ್ಕಾಲು ಪಾಲು ಜಿಂಕೆಗಳ ಪಾಲು. ಒಂದು ಮನೆಯವರು ಬುಟ್ಟಿ ತುಂಬ ತಂದಿದ್ದರೆ ಇನ್ನೊಂದು ಮನೆಯವರು ಟೊಪ್ಪಿಯಲ್ಲಿ ಹಿಡಿಯುವಷ್ಟು ತಂದಿದ್ದರು. ಒಣಗಿಸಿ, ಸಿಪ್ಪೆ ಸುಲಿದು, ಹತ್ತು ದಿನ ಹರಿವ ತೊರೆಯಲ್ಲಿ ನೆನೆಹಾಕಿ, ಬೇಯಿಸಿ ಆಗಿತ್ತು. ಉಳಿದದ್ದು ಬೂದಿಯ ಕೆಲಸ. ಹದವಾದರೆ ಕಾಯಿ ಕಹಿ ಬಿಡುತ್ತದೆ, ಅಂಟಕ್ಕಿಯ ಜೊತೆ ಕುಟ್ಟಿ ಹೊಸ ವರ್ಷದ ಮೊಚಿ ಉಂಡೆ ಮಾಡಬಹುದು. ಬೂದಿ ಕಡಿಮೆಯಾದರೆ ಬಾಯಿ ಜೋಮು ಹಿಡಿಯುವ ಒಗರು. ಹೆಚ್ಚಾದರೆ ಕಾಯಿ ಕರಗಿ ಗಂಜಿ. ಒಲೆಯಿಂದ ಒಲೆಗೆ ಬೂದಿಯ ಕ್ಷಾರ ಬೇರೆ, ವರ್ಷದಿಂದ ವರ್ಷಕ್ಕೆ ಬೇರೆ. "ಅಳತೆ ಸೌಟಲ್ಲಿಲ್ಲ, ನಾಲಿಗೇಲಿದೆ" ಎಂದೇ ಅವಳ ಅತ್ತೆ ಕಲಿಸಿದ್ದು.

"ಅತ್ತಿಗೆ, ಕಾಯಿ ತಣ್ಣಗಾಗ್ತಿದೆ! ಒಳಗೇನು ಮಂತ್ರ ಹಾಕ್ತಿದ್ದೀರಾ?"

ಹಿತ್ತಲ ಕೋಣೆಯ ಹೊರಗೆ ಅಕ್ಕಿ ತೊಳೆಯುತ್ತಿದ್ದವಳು ನಾದಿನಿ ಮಿತ್ಸುಯೊ. ಬೂದಿಯ ವಿದ್ಯೆಯನ್ನು ಅವಳ ತಾಯಿ ಮಗಳಿಗೆ ಕಲಿಸದೆ ಸೊಸೆಗೆ ಕಲಿಸಿದ್ದಳು. ಹೆಣ್ಣುಮಗಳು ಹೇಗಿದ್ದರೂ ಬೇರೆ ಮನೆಗೆ ಹೋಗುವವಳು ಎಂಬ ಲೆಕ್ಕ. ಮಗಳು ಹೋದದ್ದು ನಾಲ್ಕು ಮನೆ ಆಚೆಗೆ. ನಲವತ್ತೊಂದು ವರ್ಷದಿಂದ ಬೂದಿ ಕಲಸುವ ದಿನ ಬಂದು ಅಕ್ಕಿ ತೊಳೆಯುತ್ತಾಳೆ, ಹೊಸ್ತಿಲು ಮಾತ್ರ ದಾಟುವುದಿಲ್ಲ.

"ನೀನು ನಿನ್ನ ಅಕ್ಕಿ ನೋಡ್ಕೋ," ಎಂದಳು ಶಿಗೆನೊ.

"ಅಕ್ಕಿ ಬೆಳ್ಳಗಾಗಿ ಎಷ್ಟೊತ್ತಾಯ್ತು. ಇಲ್ಲೇ ನಿಂತೂ ನಿಂತೂ ನನ್ನ ತಲೇನೂ ಬೆಳ್ಳಗಾಯ್ತು."

ಕಾಯಿ ಬಿಸಿ ಇರುವಾಗಲೇ ಬೂದಿ ಕೂಡಬೇಕು. ಬಾನಿಯ ಮೇಲಿನ ಹಬೆ ತೆಳ್ಳಗಾಗುತ್ತಿತ್ತು. ಹೋದ ವರ್ಷದಷ್ಟೇ ಹಾಕಿಬಿಡಲೇ? ಇದು ಹೋದ ವರ್ಷದ ಬೂದಿಯಲ್ಲ. ಮಿತ್ಸುಯೊಳನ್ನು ಕರೆಯಲೇ? ಹಳೆಯ ಸಿಟ್ಟಿಗೆ ಬೇಕೆಂದೇ ತಪ್ಪು ಹೇಳಿದರೆ ಹನ್ನೊಂದು ಮನೆಯವರ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಕೆಟ್ಟ ಹೆಸರು ಬರುವುದೂ ಕಲಸಿದವಳಿಗೇ.

ಶಿಗೆನೊ ಬಾಗಿಲು ಸರಿಸಿದಳು. "ಒಳಗೆ ಬಾ."

"ಏನಂದ್ರಿ?"

"ನಂಗೆ ರುಚಿ ತಿಳೀತಿಲ್ಲ. ಎರಡು ತಿಂಗಳಾಯ್ತು. ನೀನು ನೋಡು."

ಮಿತ್ಸುಯೊಳ ಕೈಯಿಂದ ಅಕ್ಕಿನೀರು ತೊಟ್ಟಿಕ್ಕುತ್ತಿತ್ತು. "ಎರಡು ತಿಂಗಳು? ಮೊನ್ನೆ ನಾನು ಕೊಟ್ಟ ಮೂಲಂಗಿ ಉಪ್ಪಿನಕಾಯಿ ಚೆನ್ನಾಗಿದೆ ಅಂದ್ರಲ್ಲ!"

"ಅಂದೆ."

"ಇಷ್ಟು ವರ್ಷದಲ್ಲಿ ಒಂದೇ ಸಲ ಹೊಗಳಿದ್ರಿ. ಅದೂ ಸುಳ್ಳು."

ಹಾಗೆನ್ನುತ್ತಲೇ ಅವಳು ಹೊಸ್ತಿಲು ದಾಟಿದಳು. ಬೆರಳದ್ದಿ, ನಾಲಿಗೆಗಿಟ್ಟು, ಕಣ್ಣು ಮುಚ್ಚಿದಳು.

"ಸಪ್ಪೆ. ಇನ್ನೊಂದು ಸೌಟು ಹಾಕಿ."

ಶಿಗೆನೊ ಹಾಕಿ ಕಲಸಿದಳು. ಮಿತ್ಸುಯೊ ಮತ್ತೆ ನೆಕ್ಕಿದಳು. "ಇನ್ನೊಂದು."

ಹೋದ ವರ್ಷದ ಅಳತೆ ಆಗಲೇ ದಾಟಿತ್ತು. ಶಿಗೆನೊಳ ಕೈ ಅಲ್ಲೇ ನಿಂತಿತು. "ಕರಗಿಹೋದ್ರೆ?"

"ಅಮ್ಮ ಕಲಸಿದ ಕೋಲು ತೊಳೀತಿದ್ದೋಳು ನಾನು. ತೊಳೆಯೋಕೆ ಮುಂಚೆ ಪ್ರತಿ ಸಲ ನೆಕ್ಕಿ ನೋಡ್ತಿದ್ದೆ. ಯಾರಿಗೂ ಹೇಳಿಲ್ಲ. ಹಾಕಿ ಅತ್ತಿಗೆ."

ಶಿಗೆನೊ ಹಾಕಿದಳು.

ಎರಡು ದಿನ ಬಾನಿ ಹುಲ್ಲುಚಾಪೆಯ ಕೆಳಗಿತ್ತು. ಶಿಗೆನೊ ಹೋಗುವಳು, ಮುಚ್ಚಳದ ಮೇಲೆ ಕೈಯಿಡುವಳು, ತೆಗೆಯದೆ ಬರುವಳು. ಮೂರನೆಯ ಬೆಳಿಗ್ಗೆ ತೆಗೆದಾಗ ಕಾಯಿಗಳು ಇಡಿಯಾಗಿಯೇ ಇದ್ದವು; ಉಗುರಿನಲ್ಲಿ ಗೀರಿದರೆ ಒಳಗೆ ಕಿತ್ತಳೆ ಬಣ್ಣ. ಆದರೆ ಒಗರು ಕಣ್ಣಿಗೆ ಕಾಣುವಂಥದ್ದಲ್ಲ.

ಮಧ್ಯಾಹ್ನದ ಹೊತ್ತಿಗೆ ಬೂದಿ ತೊಳೆದು, ಕುಟ್ಟಿ, ಉಂಡೆ ಕಟ್ಟಿ ಆಯಿತು. ಹನ್ನೊಂದು ಮನೆಯವರೂ ಸುತ್ತ ಕೂತು ಶಿಗೆನೊಳ ಮುಖ ನೋಡಿದರು. ಮೊದಲ ತುತ್ತು ಯಾವಾಗಲೂ ಕಲಸಿದವಳದು. ಶಿಗೆನೊ ತಟ್ಟೆಯನ್ನು ಮಿತ್ಸುಯೊಳ ಮುಂದೆ ಸರಿಸಿದಳು.

"ಈ ಸಲ ನಾಲಿಗೆ ಇವಳದು. ನಂದು ಕೆಟ್ಟಿದೆ."

ಮಿತ್ಸುಯೊ ಕಚ್ಚಿ, ಅಗಿದು, ನುಂಗಿದಳು. ತೋಚಿಯ ಒಗರು ತಕ್ಷಣ ಬರುವುದಿಲ್ಲ, ನುಂಗಿದ ಮೇಲೆ ಗಂಟಲಿನಿಂದ ಹಿಂದಕ್ಕೆ ಏರಿ ಬರುತ್ತದೆ. ಶಿಗೆನೊ ಅವಳ ಗಂಟಲನ್ನೇ ನೋಡುತ್ತಿದ್ದಳು. ಮಿತ್ಸುಯೊಳ ಕೈ ಚಹಾ ಬಟ್ಟಲ ಕಡೆ ಹೋಯಿತು. ಒಗರಾಗಿದೆ ಎಂದುಕೊಂಡಳು ಶಿಗೆನೊ. ಕೈ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಹಿಂದಿದ್ದ ಇನ್ನೊಂದು ಉಂಡೆ ಎತ್ತಿಕೊಂಡಿತು.

"ಒಂಚೂರು ಒಗರಿದೆ," ಎಂದಳು ಬಾಯಿ ತುಂಬಿಕೊಂಡೇ. "ಅಮ್ಮ ಮಾಡಿದ್ದರಲ್ಲಿ ಇರ್ತಿತ್ತು. ನಿಮ್ಮದರಲ್ಲಿ ಯಾವತ್ತೂ ಇರ್ಲಿಲ್ಲ."

ಹೊಗಳಿಕೆಯೋ ಕುಟುಕೋ ಶಿಗೆನೊಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಎಲ್ಲರ ಕೈಯೂ ತಟ್ಟೆಗೆ ಬಂದಿತ್ತು. ಅವಳೂ ಒಂದು ತಿಂದಳು: ಮೆತ್ತಗೆ, ಬೆಚ್ಚಗೆ, ಬೇರೇನೂ ಇಲ್ಲ. ಆದರೂ ಇನ್ನೊಂದು ತಿಂದಳು.

ಸಂಜೆ ಮಿತ್ಸುಯೊ ಹೊರಟಾಗ ಶಿಗೆನೊ ಬೂದಿ ಕಲಸುವ ಕೋಲನ್ನು ಅವಳ ಕೈಗಿತ್ತಳು. ಎರಡು ದಿನದ ಬೂದಿ ಅದರ ಮೇಲೆ ಹಾಗೇ ಒಣಗಿತ್ತು.

"ತೊಳೆದಿಲ್ಲ ಇದನ್ನ," ಎಂದಳು ಮಿತ್ಸುಯೊ.

"ಗೊತ್ತು. ತಗೊಂಡು ಹೋಗು."

ಮಾರ್ಚಿನಲ್ಲಿ, ಹಿಮ ಪೂರ್ತಿ ಕರಗುವ ಮುನ್ನ, ಶಿಗೆನೊ ತೀರಿಕೊಂಡಳು. ಕೋಲು ನಾಲ್ಕು ಮನೆ ಆಚೆ, ಮಿತ್ಸುಯೊಳ ಒಲೆಯ ಪಕ್ಕದಲ್ಲಿದೆ.