ಅವ್ವ ಮಾತಾಡಿಸದೆ ಬಿಟ್ಟ ಒಂದು ಮನೆ

ಹೊಸ ಜೀನ್ಸ್ ಪ್ಯಾಂಟನ್ನು ಮೊದಲ ಸಲ ನೀರಿಗೆ ಹಾಕಿದಾಗ ಒಂದು ವಾಸನೆ ಬರುತ್ತದೆ. ನೀಲಿ ಬಣ್ಣದ್ದು, ಗಂಜಿಯದ್ದು, ಮಷಿನ್ನಿನ ಎಣ್ಣೆಯದ್ದು, ಎಲ್ಲ ಕಲೆತ ಒಂದು ಒಗರು ವಾಸನೆ. ಮೊನ್ನೆ ಮಗನ ಹೊಸ ಪ್ಯಾಂಟನ್ನು ಬಕೆಟ್ಟಿನಲ್ಲಿ ನೆನೆಸಿಟ್ಟವಳು ಬಚ್ಚಲಲ್ಲೇ ಕೂತುಬಿಟ್ಟೆ. ನೀರು ನೀಲಿಯಾಗುತ್ತಾ ಹೋಯಿತು, ನಾನು ಏಳಲಿಲ್ಲ. ಬಳ್ಳಾರಿಯಲ್ಲಿ ಹುಟ್ಟಿ ಬೆಳೆದವರಲ್ಲಿ ಈ ವಾಸನೆ ಮೂಗಿಗೆ ಬಡಿದೊಡನೆ ಇಲ್ಲದ ಮನೆಯೊಂದು ನೆನಪಾಗುವವಳು ನಾನೊಬ್ಬಳೇ ಇರಲಿಕ್ಕಿಲ್ಲ. ನಿಮ್ಮ ಪಡಸಾಲೆಯಲ್ಲೂ ಮಷಿನ್ನುಗಳು ಓಡಿರಬಹುದು, ನಿಮ್ಮ ಊಟದ ತಾಟಿನಲ್ಲೂ ಒಂದೊಂದು ದಿನ ನೀಲಿ ದಾರದ ಎಳೆ ಸಿಕ್ಕಿರಬಹುದು.

ನಮ್ಮ ಮನೆ ಕೌಲ್ ಬಜಾರಿನ ಹಿಂದಿನ ಒಂದು ಓಣಿಯಲ್ಲಿತ್ತು. ಅಪ್ಪ ಕುರುಗೋಡಿನ ಸಾಲಿಯಲ್ಲಿ ಮೇಷ್ಟ್ರು, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೇ ಬರುವುದು. ಅವರು ಓಣಿ ದಾಟಿದ ಮೇಲೆ ಮನೆ ಅವ್ವನದು. ಏಳನೆಯ ಇಯತ್ತೆ ಓದಿದ ಅವ್ವ ಒಂದೇ ಒಂದು ಹೊಲಿಗೆ ಮಷಿನ್ನಿನಿಂದ ಶುರು ಮಾಡಿ, ನಾನು ಸಾಲಿಗೆ ಹೋಗುವ ಹೊತ್ತಿಗೆ ಆರು ಮಷಿನ್ನು ಹಾಕಿದ್ದಳು. ಓಣಿಯ ಆರು ಜನ ಹೆಂಗಸರು ಹೊಲಿಯುತ್ತಿದ್ದರು. ನಡುವೆ ಮಂಚಕ್ಕಿಂತ ದೊಡ್ಡದಾದ ಕಟಿಂಗ್ ಟೇಬಲ್ಲು. ಬೇಸಿಗೆಯ ಮಧ್ಯಾಹ್ನ ಕೋಟೆ ಗುಡ್ಡದ ಬಂಡೆಗಳೆಲ್ಲ ಕಾದು ಊರಿನ ಮೇಲೆ ಉಸಿರು ಬಿಡುವಾಗ, ನಾನು ಆ ಟೇಬಲ್ಲಿನ ಕೆಳಗೆ ಬಟ್ಟೆಯ ತುಂಡುಗಳ ರಾಶಿಯ ಮೇಲೆ ಮಲಗುತ್ತಿದ್ದೆ. ತಲೆಯ ಮೇಲೆ ದೊಡ್ಡ ಕತ್ತರಿ ಕರ್ ಕರ್ ಎಂದು ನಿಧಾನವಾಗಿ ಹೋಗುತ್ತಿತ್ತು. ಆ ಸದ್ದಿಗೆ ಬಂದಷ್ಟು ನಿದ್ದೆ ನನಗೆ ಆಮೇಲೆ ಯಾವ ಹಾಸಿಗೆಯ ಮೇಲೂ ಬಂದಿಲ್ಲ.

ಆ ಕತ್ತರಿ ನಮ್ಮಲ್ಲಿ ಬಟ್ಟೆ ಕತ್ತರಿಸುವ ಹುಸೇನ್ ಮಾಸ್ತರದು. ಸಿರುಗುಪ್ಪ ತಾಲ್ಲೂಕಿನ ದೇಶನೂರಿನವರು. ವಾರವಿಡೀ ನಮ್ಮ ಓಣಿಯ ಒಂದು ಬಾಡಿಗೆ ಖೋಲಿಯಲ್ಲಿದ್ದು, ಶುಕ್ರವಾರ ಊರಿಗೆ ಹೋಗಿಬರುತ್ತಿದ್ದರು. ನಾನು ಅವರನ್ನು ಮಾಮಾ ಎನ್ನುತ್ತಿದ್ದೆ. ಉದ್ದನೆಯ ಆಳು, ಕಿವಿಯ ಹಿಂದೆ ಸೀಮೆಸುಣ್ಣದ ತುಂಡು. ಇಪ್ಪತ್ತು ಪದರ ಬಟ್ಟೆಯನ್ನು ಒಟ್ಟಿಗೆ ಕತ್ತರಿಸಿದರೂ ಮೇಲಿನ ಪದರಕ್ಕೂ ಕೆಳಗಿನದಕ್ಕೂ ಎಳ್ಳಷ್ಟು ವ್ಯತ್ಯಾಸ ಬರುತ್ತಿರಲಿಲ್ಲ. ಮಾತು ಮಾತ್ರ ಬಲು ಕಡಿಮೆ. ಅಂಥವರ ಬಾಯಿಂದಲೂ ಅವ್ವ ಸುದ್ದಿ ತೆಗೆಯುತ್ತಿದ್ದಳು. ಚಾದ ಲೋಟ ಕೈಗಿಟ್ಟು, "ಏನಂತಾರ್ರೀ ಮಾಸ್ತರ ನಿಮ್ಮವ್ವ?" ಎಂದರೆ ಸಾಕು, ಮಾಮಾನ ಮುಖ ಸಡಿಲಾಗುತ್ತಿತ್ತು. ದೇಶನೂರಿನ ಆ ಮುದುಕಿ ನಮಗೆಂದು ಹೊಸ ಅಕ್ಕಿಯ ನುಚ್ಚು ಕಳಿಸುತ್ತಿದ್ದಳು, ಅವ್ವ ಆಕೆಗೆ ಎಲೆ ಅಡಿಕೆ ಕಟ್ಟಿಕೊಡುತ್ತಿದ್ದಳು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. "ಅಕ್ಕಾರನ್ನ ಒಮ್ಮಿ ಕರಕೊಂಡು ಬಾ ಅಂತಾಳ್ರೀ ನಮ್ಮವ್ವ" ಎಂದು ಮಾಮಾ ಹೇಳಿದಾಗಲೆಲ್ಲ ಅವ್ವ, "ಈ ಮಾಲು ಒಂದು ಹೋಗ್ಲಿ, ಬಂದೇಬಿಡ್ತೀನಿ" ಎನ್ನುತ್ತಿದ್ದಳು. ಮಾಲು ಹೋಗುತ್ತಿತ್ತು, ಇನ್ನೊಂದು ಬರುತ್ತಿತ್ತು.

"ನಿಮ್ಮವ್ವ ಕಲ್ಲನ್ನೂ ಮಾತಾಡಿಸ್ತಾಳ" ಎಂದು ಅಪ್ಪ ಅಣಕಿಸುತ್ತಿದ್ದರು. ಮಾತಾಡಿಸುವುದು! ಎಂಥ ಮಾತು ನೋಡಿ ಇದು. ನಾವು ಮಾತಾಡುವುದಲ್ಲ, ಎದುರಿನವರು ಮಾತಾಡುವ ಹಾಗೆ ಮಾಡುವುದು. ನಮ್ಮ ಕಡೆ ಸಾವಾದ ಮನೆಗೆ ಹೋಗಿಬರುವುದಕ್ಕೂ ಇದೇ ಹೆಸರು, "ಮಾತಾಡ್ಸಾಕ ಹೋಗ್ತೀನಿ" ಎನ್ನುತ್ತೇವೆ. ಹೋದವರು ಸಮಾಧಾನದ ದೊಡ್ಡ ಮಾತೇನೂ ಹೇಳಬೇಕಿಲ್ಲ. ಏನಾಗಿತ್ತು ಎಂದು ಕೇಳಿ ಸುಮ್ಮನೆ ಕೂತರೆ, ನೊಂದವರು ತಾವೇ ಹೇಳಿಕೊಂಡು ಹಗುರಾಗುತ್ತಾರೆ. ಅವ್ವನ ಧಂದೆ ನಿಂತದ್ದೇ ಇದರ ಮೇಲೆ. ಬೆಳಿಗ್ಗೆ ಮಷಿನ್ನು ಶುರುವಾಗುವ ಮೊದಲು ಒಬ್ಬೊಬ್ಬ ಹೆಂಗಸಿನ ಬಳಿಯೂ ಎರಡು ಗಳಿಗೆ ನಿಂತು ಕೇಳುವಳು. ಯಾರ ಮನೆಯಲ್ಲಿ ಜ್ವರ, ಯಾರ ಗಂಡ ಕುಡತಿನಿಯ ಕೆಲಸ ಬಿಟ್ಟು ಬಂದ, ಎಲ್ಲ ಅವಳಿಗೆ ಗೊತ್ತು. ಯಾರದೇ ಮನೆಯಲ್ಲಿ ಕೆಟ್ಟದ್ದಾದರೆ ಅದೇ ದಿನ ಸೆರಗು ಹೊದ್ದು ಹೊರಡುವಳು, ಹೇಳಿ ಕಳಿಸುವ ಪದ್ಧತಿ ಅವಳಲ್ಲಿರಲಿಲ್ಲ. ಉಳಿದ ಕಡೆ ಹಬ್ಬದ ಮುಂದೆ ಹೊಲಿಯುವವರು ಕೈಕೊಟ್ಟರೆ, ನಮ್ಮಲ್ಲಿ ಜ್ವರ ಬಂದವರೂ ಬಂದು ಕೂಡುತ್ತಿದ್ದರು.

ಒಂದು ಸಲ ಸಿರುಗುಪ್ಪದ ಬಟ್ಟೆ ಅಂಗಡಿಯಿಂದ ನಮ್ಮ ಮಾಲೆಲ್ಲ ವಾಪಸು ಬಂತು. ಯಾರೂ ಕೊಳ್ಳುತ್ತಿಲ್ಲ ಎಂದಷ್ಟೇ ಅಂಗಡಿಯವರ ಮಾತು. ಅವ್ವ ಬಟ್ಟೆಯನ್ನೂ ಬೈಯಲಿಲ್ಲ, ಮಾಸ್ತರನ್ನೂ ಬೈಯಲಿಲ್ಲ. ನನ್ನನ್ನು ಕರೆದುಕೊಂಡು ಬಸ್ಸು ಹತ್ತಿ ಆ ಅಂಗಡಿಯ ಮೂಲೆಯಲ್ಲಿ ಇಡೀ ದಿನ ಕೂತಳು. ಪ್ಯಾಂಟು ಎತ್ತಿ ನೋಡಿ ಕೆಳಗಿಟ್ಟ ಒಬ್ಬ ರೈತನನ್ನು, "ಯಾಕಪ್ಪಾ, ಬಣ್ಣ ಸೇರಲಿಲ್ಲೇನು?" ಎಂದು ಮಾತಾಡಿಸಿದಳು. ಅವನು ನಾಚಿಕೊಂಡು, "ಬಣ್ಣ ಚಲೋ ಐತ್ರೀ ಅಕ್ಕಾ. ಮಡಚಾಕ ಬರಂಗಿಲ್ಲ. ಗದ್ಯಾಗ ಇಳೀಬೇಕಲ್ಲ ನಾವು" ಎಂದ. ಮರುದಿನವೇ ಮಾಮಾ ಕಾಲಿನ ಕೆಳಗಿನ ಅಗಲವನ್ನು ಎರಡು ಬೆರಳು ಹೆಚ್ಚಿಸಿ ಕತ್ತರಿಸಿದರು, ಮೊಣಕಾಲಿನವರೆಗೆ ಸಲೀಸಾಗಿ ಮಡಚಬಹುದು. ಸಿರುಗುಪ್ಪ ಸೀಮೆಯ ಭತ್ತದ ಗದ್ದೆಗಳಿಗೆಲ್ಲ ನಮ್ಮ ಪ್ಯಾಂಟು ಇಳಿಯಿತು. "ಇದು ಗೌರಕ್ಕನ ಪ್ಯಾಂಟು" ಎಂದು ಜನ ಅವ್ವನ ಹೆಸರು ಹಿಡಿದು ಕೇಳುವಂತಾಯಿತು. ಅವ್ವ ಮಾತ್ರ, "ನಂದೇನೈತಿ ಇದರಾಗ, ಹೇಳಿದಾತ ಅವ, ಕತ್ತರಿಸಿದವ್ರು ಮಾಸ್ತರು" ಎನ್ನುತ್ತಿದ್ದಳು.

ಆ ವರ್ಷ ನಮ್ಮ ಮನೆಗೆ ಟೆಲಿಫೋನು ಬಂತು. ಕಸೂತಿ ಹಾಕಿದ ಬಟ್ಟೆ ಹೊದಿಸಿ ದೇವರ ಗೂಡಿನ ಪಕ್ಕದಲ್ಲಿಟ್ಟಿದ್ದೆವು. ನಮಗೆಲ್ಲ ಎಂಥ ಸಂಭ್ರಮ! ದಸರಾ ಎದುರಿಗಿತ್ತು, ಕತ್ತರಿಸದ ಬಟ್ಟೆ ಗೋಡೆಯೆತ್ತರ ಬಿದ್ದಿತ್ತು. ಶುಕ್ರವಾರ ಊರಿಗೆ ಹೋದ ಮಾಮಾ ಶನಿವಾರ ಬರಲಿಲ್ಲ. ಅವರ ತಾಯಿ ತೀರಿಹೋದರೆಂದು ಮಧ್ಯಾಹ್ನ ಯಾರೋ ಬಂದು ಹೇಳಿದರು. ಅವ್ವ ಸೆರಗು ಹೊದ್ದಳು, ಬಾಗಿಲಿನವರೆಗೂ ಹೋದಳು. ತಿರುಗಿ ಬಟ್ಟೆಯ ರಾಶಿ ನೋಡಿದಳು. ಆಮೇಲೆ, "ಫೋನು ಐತಲ್ಲ, ಹಚ್ಚು" ಎಂದು ನನಗೆ ಹೇಳಿದಳು. ನಂಬರು ತಿರುಗಿಸಲು ಬರುತ್ತಿದ್ದದ್ದು ನನಗೊಬ್ಬಳಿಗೇ. ದೇಶನೂರಿನ ಕಿರಾಣಿ ಅಂಗಡಿಗೆ ಹಚ್ಚಿದೆ, ಅವರು ಮಾಮಾನನ್ನು ಕರೆತಂದರು. ಅವ್ವ ಫೋನಿನಲ್ಲಿ ಕೂಗಿ ಮಾತಾಡಿದಳು, ದೂರದ ಊರಲ್ಲವೇ. "ಸುದ್ದಿ ಕೇಳಿ ಭಾಳ ಸಂಕಟ ಆತ್ರೀ ಮಾಸ್ತರ. ಧೈರ್ಯ ತಗೋರಿ." ಆ ಕಡೆಯಿಂದ ಏನೂ ಬರಲಿಲ್ಲ. ಆ ಮೌನ ತುಂಬಲಿಕ್ಕೋ ಏನೋ ಅವ್ವ, "ಯಾವಾಗ ಬರ್ತೀರಿ?" ಎಂದುಬಿಟ್ಟಳು. "ಬರ್ತೀನ್ರೀ ಅಕ್ಕಾರ" ಎಂದು ಮಾಮಾ ಫೋನು ಇಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹಾಗೆ ಹೋದ ಮಾತು ಅವ್ವನ ಬಾಯಿಂದ ನಾನು ಕೇಳಿದ್ದು ಅದೊಂದೇ.

ನಾಲ್ಕನೆಯ ದಿನ ಮಾಮಾ ಬಂದರು. ಎಂದಿನಂತೆ ಕಿವಿಗೆ ಸೀಮೆಸುಣ್ಣ ಸಿಕ್ಕಿಸಿಕೊಂಡು ಅಷ್ಟೂ ಬಟ್ಟೆಯನ್ನು ಕತ್ತರಿಸಿದರು. ಅವ್ವ ಚಾ ಕೊಟ್ಟು, "ಏನಾಗಿತ್ರೀ ಮಾಸ್ತರ ಅವ್ವಾರಿಗೆ?" ಎಂದಳು. "ವಯಸ್ಸಾಗಿತ್ತಲ್ರೀ" ಎಂದರು, ಅಷ್ಟೇ. ಟೇಬಲ್ಲಿನ ಕೆಳಗೆ ಮಲಗಿದ್ದ ನನಗೂ ಅದು ಬಾಗಿಲು ಹಾಕಿಕೊಂಡ ಹಾಗೆ ಕೇಳಿಸಿತು. ಹಬ್ಬದ ಮಾಲು ಹೋದ ಮರುದಿನ ಅವರು ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, "ಗದ್ದಿ ನೋಡಾಕ ಊರಾಗ ಯಾರೂ ಇಲ್ರೀ ಅಕ್ಕಾರ, ನಾ ಅಲ್ಲೇ ಇರ್ತೀನಿ" ಎಂದು ಹೊರಟರು. ಜಗಳವಿಲ್ಲ, ಒಂದು ಬಿರುಸು ಮಾತಿಲ್ಲ. ಅವ್ವ ಆ ದಿನ ಉಣ್ಣಲಿಲ್ಲ. ಓಣಿಯವರು ಇನ್ನೊಬ್ಬ ಮಾಸ್ತರನ್ನು ಹುಡುಕು ಎಂದರೆ, "ಮಾಸ್ತರು ಸಿಗ್ತಾರ" ಎಂದು ಖಾಲಿ ಕಟಿಂಗ್ ಟೇಬಲ್ಲು ಒರೆಸತೊಡಗಿದಳು.

ಹದಿನೈದು ದಿನ ತನ್ನೊಳಗೇ ಬೆಂದು, ಕಡೆಗೊಮ್ಮೆ ನನ್ನನ್ನು ಕರೆದುಕೊಂಡು ಅವ್ವ ದೇಶನೂರಿಗೆ ಹೋದಳು. ಸಿರುಗುಪ್ಪದಲ್ಲಿ ಇಳಿದು ಟೆಂಪೋ ಹತ್ತಿದೆವು. ಎರಡೂ ಕಡೆ ಕಾಲುವೆ ನೀರು ತುಂಬಿದ ಹಸಿರು ಗದ್ದೆ. ಬೀಬಿಜಾನ್ ಮಾಮಿ, ಅಂದರೆ ಮಾಸ್ತರ ಹೆಂಡತಿ, ಚಾಪೆ ಹಾಸಿ ಚಾ ಕೊಟ್ಟರು. "ಅವರು ಗದ್ದಿಗೆ ಹೋಗ್ಯಾರ್ರೀ, ಬರೋದು ಹೊತ್ತಾಗ್ತೈತಿ" ಎಂದರು. ಬಾಗಿಲಲ್ಲಿ ಮಾಮಾನ ಚಪ್ಪಲಿ ಇದ್ದವು. ಕಿತ್ತುಹೋದ ಪಟ್ಟಿಗೆ ನಮ್ಮನೆಯ ಜೀನ್ಸ್ ಬಟ್ಟೆಯ ತುಂಡನ್ನೇ ಹಾಕಿ ಹೊಲಿದುಕೊಂಡಿದ್ದರು, ಅದನ್ನು ಗುರುತಿಸಲು ಯಾರೂ ಹೇಳಿಕೊಡಬೇಕಿರಲಿಲ್ಲ. ಅವ್ವ ಅವನ್ನು ನೋಡಿದಳು. ಚಾ ಪೂರ್ತಿ ಕುಡಿದಳು, ಲೋಟ ತೊಳೆದಿಟ್ಟಳು, ಎದ್ದಳು. ಬಸ್ಸಿನಲ್ಲಿ, "ನನ್ನ ಮುಖ ನೋಡಾಕ ಮನಸ್ಸಿಲ್ಲ ಅವರಿಗೆ. ನಾ ಮಾಡಿದ್ದೂ ಹಂಗೇ ಐತಿ, ಬಿಡು" ಎಂದಳು. ಆಮೇಲೆ ಆ ಊರಿನ ಹೆಸರು ಅವಳ ಬಾಯಲ್ಲಿ ಬರಲಿಲ್ಲ.

ಹೊಸ ಮಾಸ್ತರು ಬಂದರು, ಕೈ ಚೆನ್ನಾಗಿಯೇ ಇತ್ತು. ಆದರೆ ಅವ್ವನ ಬಾಯಿ ಕಟ್ಟಿತು. ಬೆಳಿಗ್ಗೆ ಮಷಿನ್ನುಗಳ ನಡುವೆ ಓಡಾಡುತ್ತಿದ್ದವಳು ಬಾಗಿಲಲ್ಲೇ ನಿಂತು ಕೆಲಸ ಹೇಳತೊಡಗಿದಳು. ಯಾರನ್ನಾದರೂ ಏನಾದರೂ ಕೇಳಲಿಕ್ಕೆ ತನಗೆ ಹಕ್ಕಿಲ್ಲ ಎಂದುಕೊಂಡಳೋ ಏನೋ. ಹೆಂಗಸರು ಒಬ್ಬೊಬ್ಬರೇ ಬೇರೆ ಕಡೆ ಹೋದರು, ಸಿರುಗುಪ್ಪದವರು ಬೇರೆ ಮಾಲು ಹಿಡಿದರು. ಮೂರು ವರ್ಷಕ್ಕೆ ಪಡಸಾಲೆ ಖಾಲಿ. ಆ ಮನೆಯನ್ನೂ ಕೊಟ್ಟೆವು, ಕೊಂಡವರು ಕೆಡವಿ ಮೊಬೈಲ್ ಅಂಗಡಿ ಕಟ್ಟಿದ್ದಾರೆ. ಆ ಕಡೆ ಹೋದಾಗ ನಾನು ತಲೆ ಎತ್ತಿ ನೋಡುವುದಿಲ್ಲ.

ಎರಡು ವರ್ಷದ ಹಿಂದೆ ಅವ್ವ ಹೋದಳು. ಆಗಲೇ ನನ್ನದೂ ಬಳ್ಳಾರಿಯಲ್ಲಿ ಒಂದು ರೆಡಿಮೇಡ್ ಅಂಗಡಿ, ಗಿರಾಕಿಗಳೆಲ್ಲ ಫೋನಿನಲ್ಲೇ. ಅವ್ವನ ಫೋಟೋ ಹಾಕಿ ವಾಟ್ಸಾಪಿನಲ್ಲಿ ಎಲ್ಲರಿಗೂ ಒಂದೇ ಸಲ ತಿಳಿಸಿದೆ. ಮುಗಿದ ಕೈಗಳು ಬಂದವು, ಬಂದವು, ಬರುತ್ತಲೇ ಇದ್ದವು. ಹೋದ ತಿಂಗಳು ಸಿರುಗುಪ್ಪದ ಅಂಗಡಿಯವರ ಮಗ, "ನಿಮ್ಮ ಹಳೇ ಮಾಸ್ತರು ದೇಶನೂರಾಗ ತೀರಿಕೊಂಡ್ರಂತ್ರೀ" ಎಂದು ಕಳಿಸಿದ. ಮುಗಿದ ಕೈ ಒತ್ತಲು ಬೆರಳು ಹೋಯಿತು. ಯಾಕೋ ಒತ್ತಲಾಗಲಿಲ್ಲ. ಹೊಸ ಮಾಲು ಇಳಿಯುವ ದಿನ ಅದು, ಷಟರ್ ಎಳೆದು ಬಸ್ಸು ಹತ್ತಿದೆ.

ಮಾಮಿ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಬಳ್ಳಾರಿ ಗೌರಕ್ಕನ ಮಗಳೆಂದು ಹೇಳಿದ ಮೇಲೆ ಗುರುತು ಹತ್ತಿ, ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡರು. "ಏನಾಗಿತ್ರೀ ಮಾಮಿ?" ಎಂದು ಕೇಳಿ ಸುಮ್ಮನೆ ಕೂತೆ. ಕಾಯಿಲೆಯದು, ಆಸ್ಪತ್ರೆಯದು ಎಲ್ಲ ಹೇಳಿದರು. ಆಮೇಲೆ ದನಿ ತಗ್ಗಿಸಿ, "ನಿಮ್ಮವ್ವ ಬಂದ ದಿವ್ಸ ಅವರು ಇದೇ ಖೋಲ್ಯಾಗ ಇದ್ರವ್ವ. ಸಿಟ್ಟಿಂದ ಅಲ್ಲ. ಅಕ್ಕಾರ ದನಿ ಕೇಳಿದ ಕೂಡ್ಲೇ ಅಳಾಕ ಹತ್ತಿದ್ರು, ಹೊರಗ ಹೆಂಗ ಬರ್ತಾರ? ಗದ್ದಿಗೆ ಹೋಗ್ಯಾರ ಅನ್ನು ಅಂತ ಕೈಸನ್ನಿ ಮಾಡಿದ್ರು" ಎಂದರು. "ಅಕ್ಕಾರು ಇನ್ನೊಮ್ಮಿ ಬಂದೇ ಬರ್ತಾರ, ಆವಾಗ ಮಾತಾಡ್ತೀನಿ ಅಂತಿದ್ರು. ಎಷ್ಟೋ ದಿನ ಟೆಂಪೋ ಬರೋ ಹೊತ್ತಿಗೆ ಕಟ್ಟಿ ಮ್ಯಾಲ ಕುಂದರ್ತಿದ್ರು. ನೀವೇ ಹೋಗಿ ಬರ್ರಿ ಅಂದ್ರ, ಕೆಲಸ ಕೇಳಾಕ ಬಂದಾನ ಅಂದ್ಕೊಂತಾರ ಅಂತ ಒಲ್ಲೆ ಅಂದ್ರು."

ಮಾಮಿ ನನ್ನ ಕೈ ಸವರುತ್ತಾ, "ಅವ್ವಾರು ಹೆಂಗದಾರವ್ವ? ಈಗ ಬರಾಕ ಆಗಂಗಿಲ್ಲೇನು ಅವರಿಗೆ?" ಎಂದರು.

ಹೇಳಿದೆ. ಮಾಮಿಯ ಕೈ ನಿಂತಿತು.

"ಎರಡು ವರ್ಷ ಆತಾ? ಗೊತ್ತಾಗಿದ್ರ ಅವರು ಬರ್ತಿದ್ರಲ್ಲವ್ವ. ಆವಾಗ ಗಟ್ಟಿ ಇದ್ರು, ನಡಕೊಂಡಾದ್ರೂ ಬರ್ತಿದ್ರು. ನಮಗ ಯಾರೂ ಹೇಳಲೇ ಇಲ್ಲ."

ಹೇಳಬೇಕಾದವಳು ನಾನೇ ಆಗಿದ್ದೆ.